ಇನ್ನೊಂದು ಪೆಟ್ಟಿಗೆ ಬೇಕಾ?

ಪ್ರಶ್ನೆ: ನಾನೂ ನನ್ನ ಗೆಳೆಯನೂ ಕಥೆ-ಪುರಾಣದ ನಾಯಕರು ಕಾರ್ಡಿನ ಬಲದಿಂದ ಕಾದಾಡುವ ಬೋರ್ಡ್ ಆಟ ‘ಅನ್‌ಮ್ಯಾಚ್ಡ್’ನ ಮೊದಲ ಸಂಪುಟ ಆಡುತ್ತೇವೆ. ಅವನು ಮೆಡೂಸಾ ಹಿಡಿದರೆ ಸಾಕು, ನಾನು ಸೋತ ಹಾಗೇ ಲೆಕ್ಕ. ನನ್ನ ಆರ್ಥರ್ ಹತ್ತಿರ ಹೋಗುವಷ್ಟರಲ್ಲೇ ಸುಸ್ತಾಗಿರುತ್ತಾನೆ. ಹೊಸ ಎಕ್ಸ್‌ಪಾನ್ಶನ್, ಅಂದರೆ ಬೇರೆ ನಾಯಕರಿರುವ ಇನ್ನೊಂದು ಪೆಟ್ಟಿಗೆ, ತಂದರೆ ಆಟ ಸರಿಹೋಗುತ್ತಾ?

ಉತ್ತರ: ತರುವ ಮುಂಚೆ ಒಂದು ಕೇಳುತ್ತೇನೆ. ನಿಮ್ಮ ಸರದಿ ಮುಗಿದಾಗ ಆರ್ಥರ್ ಎಲ್ಲಿ ನಿಂತಿರುತ್ತಾನೆ? ಮೆಡೂಸಾ ತನ್ನ ಸರದಿ ಶುರುವಾದಾಗ ತಾನು ನಿಂತ ವಲಯದಲ್ಲೇ (ಬೋರ್ಡಿನ ಒಂದೇ ಬಣ್ಣದ ಮನೆಗಳೆಲ್ಲ ಸೇರಿ ಒಂದು ವಲಯ) ಇರುವ ಒಬ್ಬ ಎದುರಾಳಿಗೆ 1 ಪೆಟ್ಟು ಕೊಡುತ್ತಾಳೆ, ಅದಕ್ಕೆ ಒಂದು ಕಾರ್ಡೂ ಖರ್ಚಿಲ್ಲ. ಆರ್ಥರ್‌ನ ಪ್ರಾಣ 18. ಐದು ಸರದಿ ಸುಮ್ನೆ ಅವಳ ಕಣ್ಣೆದುರು ನಿಂತರೆ ಐದು ಹೋಯಿತು! ಅದಕ್ಕೇ ಬಣ್ಣ ಬದಲಾಗುವ ಗಡಿ ಹುಡುಕಿ. ಅವಳು ಒಂದು ಬಣ್ಣದ ಮನೆಯಲ್ಲಿ, ನೀವು ಪಕ್ಕದ ಬೇರೆ ಬಣ್ಣದ ಮನೆಯಲ್ಲಿ. ಕತ್ತಿ ಬೀಸೋಕೆ ಪಕ್ಕದಲ್ಲಿದ್ದರೆ ಸಾಕು, ಬಣ್ಣ ಒಂದೇ ಆಗಬೇಕಿಲ್ಲ, ಅವಳ ನೋಟಕ್ಕೆ ಮಾತ್ರ ಒಂದೇ ಆಗಬೇಕು. ಎರಡು ಬಣ್ಣ ಬಳಿದ ಮನೆ ಎರಡೂ ವಲಯಕ್ಕೆ ಸೇರುತ್ತದೆ, ಅಲ್ಲಿ ಹುಷಾರು. ಅವಳು ಜರುಗಿ ಬಂದು ಹೊಡೆಯಬಹುದು, ನಿಜ, ಆದರೆ ಅದಕ್ಕೆ ಆ ಸರದಿಯ ಅವಳ ಎರಡು ಕ್ರಿಯೆಯೂ ಖಾಲಿ.

ಇಷ್ಟು ಮಾಡಿದ ಮೇಲೂ ಬೇಜಾರಾದರೆ ಖಂಡಿತ ತನ್ನಿ. ಇದರಲ್ಲಿ ಒಂದು ಅನುಕೂಲ ಇದೆ: ಪ್ರತಿ ನಾಯಕನಿಗೂ ತನ್ನದೇ 30 ಕಾರ್ಡಿನ ಕಟ್ಟು, ಕಟ್ಟು ಜೋಡಿಸುವ ರಗಳೆಯೇ ಇಲ್ಲ, ಯಾವ ಪೆಟ್ಟಿಗೆಯವರನ್ನು ಯಾರ ಮೇಲೆ ಬೇಕಾದರೂ ಬಿಡಬಹುದು. 2020ರ ‘ಕಾಬಲ್ ಅಂಡ್ ಫಾಗ್’ನಲ್ಲಿ ಷರ್ಲಾಕ್, ಡ್ರಾಕುಲಾ, ಜೆಕಿಲ್-ಹೈಡ್, ಅದೃಶ್ಯ ಮನುಷ್ಯ ಇದ್ದಾರೆ. ನನ್ನ ಓಟು ಕೊನೆಯವನಿಗೆ. ಮಂಜಿನ ಬಿಲ್ಲೆ ಇರುವ ಒಂದು ಮನೆಯಿಂದ ಅಂಥದ್ದೇ ಇನ್ನೊಂದಕ್ಕೆ ಪಕ್ಕದ ಮನೆ ಎಂಬಂತೆ ದಾಟಿಬಿಡುತ್ತಾನೆ, ಮೆಡೂಸಾಗೆ ತಲೆನೋವು ಕೊಡೋಕೆ ಇಂಥವನೇ ಬೇಕು.

ಪ್ರಶ್ನೆ: ನಾವು ಜಾಸ್ತಿ ಓಡಾಡುತ್ತೇವೆ, ಕಮ್ಮಿ ಹೊಡೆಯುತ್ತೇವೆ. ಕಾರ್ಡ್ ಮುಗಿದರೆ ಮತ್ತೆ ಕಲಸಬಹುದಾ?

ಉತ್ತರ: ಇಲ್ಲ. ಕಟ್ಟು ಖಾಲಿಯಾದ ಮೇಲೆ ಕಾರ್ಡ್ ಎಳೆಯಬೇಕಾಗಿ ಬಂದಾಗಲೆಲ್ಲ ನಿಮ್ಮ ಪ್ರತಿ ಹೋರಾಟಗಾರನಿಗೂ 2 ಪೆಟ್ಟು. ಓಡಾಟಕ್ಕೆ ಕಾರ್ಡ್ ಎಳೆಯಲೇಬೇಕು ಅಲ್ವಾ, ಅಂದರೆ ತಪ್ಪಿಸಿಕೊಂಡು ಓಡುವುದಕ್ಕೂ ಬೆಲೆ ಇದೆ.

ಪ್ರಶ್ನೆ: ಮಗಳಿಗೆ ನನ್ನ ಮೇಲೆ ಜಗಳ ಆಡೋದು ಇಷ್ಟ ಇಲ್ಲ, ನನ್ನ ಜೊತೆ ಸೇರಿ ಆಡಬೇಕಂತೆ.

ಉತ್ತರ: 2023ರ ‘ಟೇಲ್ಸ್ ಟು ಅಮೇಜ್’ ಅವಳಿಗಾಗಿಯೇ ಮಾಡಿದ ಹಾಗಿದೆ. ಎಲ್ಲರೂ ಒಂದಾಗಿ ಮಾತ್‌ಮ್ಯಾನ್ ಎಂಬ ಪತಂಗದಂಥ ದೈತ್ಯನನ್ನು ಅಥವಾ ಮಂಗಳ ಗ್ರಹದ ದಾಳಿಕೋರನನ್ನು ಎದುರಿಸಬೇಕು, ಒಬ್ಬರಿಂದ ನಾಲ್ವರವರೆಗೆ ಆಡಬಹುದು. ನಿಮ್ಮ ಮೊದಲ ಸಂಪುಟದ ಆಲೀಸ್‌ಳನ್ನೂ ಕರೆದುಕೊಂಡು ಹೋಗಬಹುದು. ಮಗಳು ಯಾರನ್ನು ಆರಿಸಿದಳು ಅಂತ ಬರೆಯಿರಿ.