‘ಇವರಿಗೆ ಮನಸ್ಸೇ ಇಲ್ಲ ಮೇಡಂ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರು, ಮದುವೆಯಾಗಿ ಆರು ವರ್ಷವಾದ ದಂಪತಿ. ಮಾತು ಶುರುಮಾಡಿದ್ದು ಆಕೆ. ‘ಇವರಿಗೆ ಮನಸ್ಸೇ ಇಲ್ಲ ಮೇಡಂ. ನಮ್ಮ ತಂದೆ ತೀರಿಕೊಂಡ ದಿನ ನಾನು ಅಳ್ತಾ ಕೂತಿದ್ರೆ ಇವರು ಬಸ್ಸಿನ ಟೈಮ್ ನೋಡ್ತಿದ್ರು.’ ಪಕ್ಕದಲ್ಲಿದ್ದ ಆತ ನನ್ನ ಮುಖ ನೋಡಲಿಲ್ಲ. ಟ್ಯೂಬ್‌ಲೈಟಿನ ಕಡೆ ಕಣ್ಣು ಕಿರಿದು ಮಾಡುತ್ತಿದ್ದರು. ಹೆಬ್ಬೆರಳು ಅಂಗಿಯ ಗುಂಡಿಯನ್ನು ಉಜ್ಜುತ್ತಲೇ ಇತ್ತು.

‘ನಿಮಗೇನನ್ನಿಸ್ತಿದೆ?’ ಎಂದೆ. ಉತ್ತರವಿಲ್ಲ. ತಪ್ಪು ನನ್ನದೇ. ಲೈಟು ಆರಿಸಿ, ‘ಮೈಯಲ್ಲಿ ಎಲ್ಲಾದ್ರೂ ಬಿಗಿದಂಗೆ ಆಗ್ತಿದೆಯಾ?’ ಎಂದು ಕೇಳಿದೆ. ‘ಗಂಟಲಲ್ಲಿ. ಆ ಲೈಟು ಗುಂಯ್ ಅಂತಿತ್ತು’ ಎಂದರು. ಆಟಿಸಂ (ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುವ ಸ್ಥಿತಿ) ಇರಬಹುದೇ ಅನ್ನಿಸಿತು. ಅದು ಇರುವ ಎಷ್ಟೋ ಮಂದಿಗೆ ಭಾವನೆ ಇರುತ್ತದೆ, ಅದರ ಹೆಸರು ತಕ್ಷಣ ಸಿಗುವುದಿಲ್ಲ. ಬಸ್ಸಿನ ವಿಷಯ ಕೇಳಿದೆ. ‘ಅವಳು ಬೇಗ ಊರು ಸೇರಬೇಕಿತ್ತಲ್ಲ?’ ಅಂದರು. ಅಲ್ಲಿಯವರೆಗೂ ಅದನ್ನು ಯಾರೂ ಅವರಲ್ಲಿ ಕೇಳಿರಲೇ ಇಲ್ಲ.

ರೋಗನಿರ್ಣಯ ನನ್ನ ಕೆಲಸವಲ್ಲ; ಮನೋವೈದ್ಯರ ಬಳಿ ಕಳಿಸಿದೆ. ಅವರು ಆತನ ತಾಯಿಯಿಂದ ಬಾಲ್ಯದ ವಿವರ ಕೇಳಿ ತಿಳಿದು, ಆಟಿಸಂ ಸ್ಪೆಕ್ಟ್ರಮ್ (ಹಲವು ಬಗೆ, ಹಲವು ಮಟ್ಟಗಳಲ್ಲಿ ಕಾಣುವ ಆಟಿಸಂ) ಎಂದು ಖಚಿತಪಡಿಸಿದರು. ತನಗಿರುವುದು ‘ಆಸ್ಪರ್ಜರ್’ (ಆಟಿಸಂನದೇ ಒಂದು ಬಗೆಗೆ ಮೊದಲಿದ್ದ ಹೆಸರು) ಎಂದು ಆತ ಮೊದಲೇ ಓದಿಕೊಂಡಿದ್ದರು. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಆ ಹೆಸರನ್ನು ಕೈಬಿಟ್ಟು ಸ್ಪೆಕ್ಟ್ರಮ್‌ನೊಳಗೇ ಸೇರಿಸಿದೆ. ಬೆಳಕು, ಸದ್ದು, ಸ್ಪರ್ಶ ಅತಿಯಾಗಿ ತಾಗುವುದೂ ಅದರ ಲಕ್ಷಣಗಳ ಪಟ್ಟಿಗೆ ಬಂದದ್ದು ಆಗಲೇ.

ಇಂಥವರಿಗೆ ಪರಾನುಭೂತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದಂತೆ, ಅರ್ಥವಾಗದ ತೊಡಕು ಎರಡೂ ಕಡೆಯದು. ಆತನ ಕಾಳಜಿ ಬಸ್ಸಿನ ಟೈಮಿನಲ್ಲಿತ್ತು, ಆಕೆಗೆ ಕಾಣಲಿಲ್ಲ ಅಷ್ಟೆ.

ಆಕೆಗೆ ಹೇಳಿದ್ದು: ಸುತ್ತುಬಳಸಿ ಹೇಳಬೇಡಿ. ‘ಇವತ್ತು ಸ್ವಲ್ಪ ಬೇಗ ಬನ್ನಿ’ ಅಂದರೆ ಆತ ಐದು ನಿಮಿಷ ಮೊದಲು ಬರುತ್ತಿದ್ದರಂತೆ. (ಮಾತು ಮೀರಿದ್ದೆಲ್ಲಿ, ಹೇಳಿ!) ‘ಆರಕ್ಕೆ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ, ಪರಿಹಾರ ಹೇಳ್ಬೇಡಿ’ ಅನ್ನಿ. ‘ಕೇಳಿ ಪಡೆದದ್ದು ಪ್ರೀತಿನಾ ಮೇಡಂ?’ ಎಂದರು. ನ್ಯಾಯವಾದ ಪ್ರಶ್ನೆ. ಆಕೆಯ ದಣಿವೂ ಸುಳ್ಳಲ್ಲ. ಆಕೆಯೊಬ್ಬರಿಗೇ ಬೇರೆ ಭೇಟಿ ಗೊತ್ತುಮಾಡಿದೆ.

ಆತನದು ಇನ್ನೊಂದು ಕಥೆ. ಆಫೀಸಿನಲ್ಲಿ ದಿನವಿಡೀ ಎಲ್ಲರಂತೆ ನಟಿಸಿ ಮನೆಗೆ ಬರುವಷ್ಟರಲ್ಲಿ ಮಾತೇ ನಿಂತಿರುತ್ತಿತ್ತು. ಆಕೆಗೆ ಅದು ಮುನಿಸು. ಮಾತು ಬರದಿದ್ದರೆ ಮೆಸೇಜ್ ಮಾಡಿ, ಮತ್ತೆ ಯಾವಾಗ ಸಿಗುತ್ತೀರಿ ಎಂದೂ ಬರೆಯಿರಿ ಎಂದೆ. ಗುಂಡಿ ಉಜ್ಜುವುದನ್ನು ಬಿಡಿಸಲು ಹೋಗಲಿಲ್ಲ. ಅದರಿಂದ ಯಾರಿಗೂ ತೊಂದರೆಯಿಲ್ಲ, ಆತನಿಗೆ ಸಮಾಧಾನವಿದೆ.

ಮೂರನೇ ಭೇಟಿಗೆ ಬಂದಾಗ ಆಕೆ ಫೋನ್ ತೋರಿಸಿದರು: ‘ತಲೆ ತುಂಬಿದೆ. ನಿನ್ನ ಮೇಲೆ ಕೋಪ ಇಲ್ಲ. 8.40ಕ್ಕೆ ಬರ್ತೀನಿ.’

‘ಬಂದ್ರಾ?’ ಎಂದೆ.

‘ಎಂಟೂ ನಲವತ್ತಕ್ಕೇ ಬಂದ್ರು. ನೆಂಟರ ಮನೆಗೆ ಮಾತ್ರ ಈಗ್ಲೂ ಬರಲ್ಲ ಮೇಡಂ.’

ಅದನ್ನು ಮುಂದಿನ ಭೇಟಿಗೆ ಬರೆದುಕೊಂಡಿದ್ದೇನೆ.