ಸೇದುವುದೋ, ನುಂಗುವುದೋ, ಹಚ್ಚುವುದೋ?

ಸೋಮವಾರಪೇಟೆ ಕಡೆಯ ಹಿರಿಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ:

"ನನಗೆ ಎಪ್ಪತ್ತೊಂದು ವರ್ಷ. ಹೋದ ಸಲ ಕಾಫಿ ಕೊಯ್ಲಿನ ಹೊತ್ತಿಗೆ ಎಡಪಕ್ಕೆಗೆ ಸರ್ಪಸುತ್ತು ಆಯಿತು. ಗುಳ್ಳೆ ಒಣಗಿತು, ಉರಿ ಉಳಿಯಿತು. ರಾತ್ರಿ ಬನಿಯನ್ ತಾಗಿದರೂ ನಿದ್ದೆ ಹಾರಿಹೋಗುತ್ತದೆ. ಟೊರಾಂಟೊದಲ್ಲಿರುವ ಮಗಳು ಗಾಂಜಾದ ಗಮ್ಮಿ (ಜೆಲ್ಲಿ ಮಿಠಾಯಿ) ತಿನ್ನಿ ಎನ್ನುತ್ತಾಳೆ, ಬರುವಾಗ ತರುತ್ತಾಳಂತೆ. ತೋಟದ ಲೆಕ್ಕ ಬರೆಯುವ ರೈಟರ್ ಬೀಡಿಯಲ್ಲಿ ತುಂಬಿಕೊಡುತ್ತೇನೆ, ನಾಲ್ಕು ದಮ್ಮು ಸಾಕು ಎನ್ನುತ್ತಾನೆ. ಆಯುರ್ವೇದ ವೈದ್ಯರೊಬ್ಬರು 'ವಿಜಯಾ' ಎಂಬ ಔಷಧದ ಮಾತೆತ್ತಿದರು. ನಾನೇ ಆನ್‌ಲೈನಿನಲ್ಲಿ ಒಂದು ಎಣ್ಣೆ ತರಿಸಿ ಎರಡು ವಾರದಿಂದ ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುತ್ತಿದ್ದೇನೆ, ಏನೂ ಗೊತ್ತಾಗುತ್ತಿಲ್ಲ. ಬಾಟಲಿಯ ಫೋಟೊ ಲಗತ್ತಿಸಿದ್ದೇನೆ. ಇವುಗಳಲ್ಲಿ ನನಗೆ ಯಾವ ವಿಧಾನ ಸರಿ? (ಹೃದಯದ ವಾಲ್ವ್ ಬದಲಾಯಿಸಿದಂದಿನಿಂದ ವಾರ್ಫರಿನ್ ಮಾತ್ರೆಯೊಂದನ್ನು ತಪ್ಪದೆ ತೆಗೆದುಕೊಳ್ಳುತ್ತೇನೆ.)"

ಮಾನ್ಯರೇ,

ನಿಮ್ಮ ಪತ್ರ ಕೈಸೇರಿದ್ದು ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ಮಾರನೆಯ ದಿನ. ಮದ್ದುಸೊಪ್ಪಿನ ಪಾಯಸ ಮಾಡಿದ ಪಾತ್ರೆಯ ಅಂಚಿನಲ್ಲಿ ನೇರಳೆ ಬಣ್ಣ ಇನ್ನೂ ಹೋಗಿರಲಿಲ್ಲ. ಮೈಸೂರಿನಿಂದ ಬಂದ ಹೊಸ ಸೊಸೆ ಬೆಳಿಗ್ಗೆ ಬಚ್ಚಲಿನಿಂದ ಬಿಳಿಚಿಕೊಂಡು ಹೊರಬಂದಳು. ಮೂತ್ರ ಕೆಂಪಾಗಿದೆ, ಡಾಕ್ಟರಿಗೆ ಫೋನ್ ಮಾಡಲೇ ಎಂದು ಕೇಳಿದಳು. ನನ್ನ ಹೆಂಡತಿ ನಕ್ಕು, ಮದ್ದು ಮೈಗೆ ಹಿಡಿದಿದೆ ಎಂದಳು. ಸೊಪ್ಪನ್ನು ಕುದಿಸಿ, ಬಣ್ಣದ ನೀರು ಸೋಸಿ, ಅಕ್ಕಿ ಬೆಲ್ಲ ಹಾಕಿ, ವರ್ಷಕ್ಕೆ ಒಂದು ಸಲ, ಒಂದು ಬಟ್ಟಲು. ಯಾವ ದಿನ, ಯಾವ ರೂಪದಲ್ಲಿ, ಎಷ್ಟು ಎಂಬುದು ಸೇರಿದರೇ ನಮ್ಮಲ್ಲಿ ಸೊಪ್ಪು ಮದ್ದಾಗುವುದು. ನಿಮಗೆ ಗಾಂಜಾದ ಸಲಹೆ ಕೊಟ್ಟ ಯಾರೂ ಆ ಮೂರನ್ನು ಹೇಳಿದಂತೆ ಕಾಣುವುದಿಲ್ಲ. ರೈಟರ್ ಒಬ್ಬ ನಾಲ್ಕು ದಮ್ಮು ಎಂದು ಲೆಕ್ಕವನ್ನಾದರೂ ಕೊಟ್ಟ. ಆ ಲೆಕ್ಕ ಎಷ್ಟು ಪೊಳ್ಳು ಎಂಬುದು ಆಮೇಲೆ.

ಪತ್ರದ ಅತಿ ಮುಖ್ಯವಾದ ಸಾಲನ್ನು ನೀವು ಆವರಣದೊಳಗೆ ಹಾಕಿದ್ದೀರಿ. ಅಲ್ಲಿಂದಲೇ ಶುರುಮಾಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಒಡೆದು ಹೊರಹಾಕುವ ಕೆಲಸ ಯಕೃತ್ತಿನದು. ಗಾಂಜಾದಲ್ಲಿ ಮತ್ತು ತರುವ ಅಂಶ ಟಿಎಚ್‌ಸಿ, ಮತ್ತು ತರದ ಇನ್ನೊಂದು ಮುಖ್ಯ ಅಂಶ ಸಿಬಿಡಿ; ಎರಡೂ ಯಕೃತ್ತಿನ ಆ ಕೆಲಸಕ್ಕೆ ಅಡ್ಡ ಬರುತ್ತವೆ. ಆಗ ಮಾತ್ರೆ ಅದೇ, ಪ್ರಮಾಣವೂ ಅದೇ, ರಕ್ತ ಮಾತ್ರ ಬೇಕಾದ್ದಕ್ಕಿಂತ ತೆಳುವಾಗುತ್ತದೆ. ಹೀಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸೇದಿದರೂ ಅಷ್ಟೇ, ನುಂಗಿದರೂ ಅಷ್ಟೇ. ಕೃತಕ ವಾಲ್ವ್‌ಗೆಂದು ವಾರ್ಫರಿನ್ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಬಿಡುವ ಹಾಗೂ ಇಲ್ಲ. ಆದ್ದರಿಂದ ನಿಮ್ಮ ಐಎನ್‌ಆರ್ ನೋಡುವ ಡಾಕ್ಟರಿಗೆ ಹೇಳದೆ ಈ ಗಿಡದ ಯಾವ ರೂಪವನ್ನೂ ಬಾಯಿಗಿಡಬೇಡಿ. ಇಷ್ಟು ಹೇಳಿ ಉತ್ತರ ಮುಗಿಸಬಹುದಿತ್ತು. ಆದರೆ ನೀವು ಕೇಳಿದ ಪ್ರಶ್ನೆಯನ್ನೇ ಕೇಳುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ, ಕೇಳಲು ನಾಚುವವರು ಅವರಿಗಿಂತ ಹೆಚ್ಚು.

ಮೊದಲು ಬೀಡಿ. ಹೊಗೆ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಮಿದುಳು ಮುಟ್ಟುತ್ತದೆ, ಅರ್ಧ ಗಂಟೆಯೊಳಗೆ ತುತ್ತತುದಿಗೇರುತ್ತದೆ, ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ಬೇಗ ಗೊತ್ತಾಗುವುದರಿಂದ ಸಾಕೆನಿಸಿದಾಗ ನಿಲ್ಲಿಸಬಹುದು. ಸೇದುವವರು ಅದನ್ನೇ ಮೆಚ್ಚುವುದು. ಆದರೆ ನಿಮ್ಮದು ರಾತ್ರಿಯಿಡೀ ಕಾಡುವ ಉರಿ. ಹತ್ತು ಗಂಟೆಗೆ ಸೇದಿದ್ದು ಒಂದು ಗಂಟೆಗೆ ಮುಗಿಯುತ್ತದೆ, ಆಮೇಲೆ ಇನ್ನೊಂದು ಬೀಡಿ. ಹೊಗೆಯೆಂದ ಮೇಲೆ ಟಾರು, ಕಾರ್ಬನ್ ಮೊನಾಕ್ಸೈಡು ಇದ್ದೇ ಇರುತ್ತದೆ. ಬೀಡಿಯಲ್ಲಿ ಜೊತೆಗೆ ತಂಬಾಕು. ನಮ್ಮ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುವ ಊರು ಇದು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕುಳಿತ ಹೂವಿನಲ್ಲಿ ಆಸ್ಪರ್ಜಿಲ್ಲಸ್‌ನಂತಹ ಬೂಷ್ಟು ಬೆಳೆಯದೆ ಇರುತ್ತದೆಯೇ? ಅದರ ಕಣಗಳನ್ನು ಶ್ವಾಸಕೋಶಕ್ಕೆ ಎಳೆದುಕೊಂಡರೆ, ರೋಗ ತಡೆಯುವ ಶಕ್ತಿ ಕುಗ್ಗಿದವರಿಗೆ ಪ್ರಾಣಕ್ಕೇ ಕುತ್ತು.

ಸೇದಿದ ಕೂಡಲೇ ಎದೆಬಡಿತ ಏರುತ್ತದೆ, ಕುಳಿತವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಳೆಯ ತೋಟದ ಮನೆ, ಬಚ್ಚಲು ಹೊರಗೆ, ಪಾಚಿ ಹಿಡಿದ ಮೂರು ಮೆಟ್ಟಿಲು, ರಾತ್ರಿ ಎರಡು ಗಂಟೆ, ವಾರ್ಫರಿನ್ ನುಂಗಿದ ಮೈ. ನನಗೆ ಗಾಂಜಾಕ್ಕಿಂತ ಆ ಮೆಟ್ಟಿಲುಗಳ ಭಯವೇ ಹೆಚ್ಚು.

ಹೊಗೆ ಬೇಡ, ಆವಿ ಎಳೆಯುವ ಯಂತ್ರ ಆಗಬಹುದೇ ಎಂದು ಇನ್ನೊಬ್ಬ ಓದುಗರು ಹಿಂದೊಮ್ಮೆ ಕೇಳಿದ್ದರು. 2019ರ ಕಾಯ್ದೆಯಿಂದ ಇ-ಸಿಗರೇಟಿನ ಮಾರಾಟ, ಆಮದು ಎಲ್ಲ ನಮ್ಮ ದೇಶದಲ್ಲಿ ನಿಷಿದ್ಧ. ಅದೇ ವರ್ಷ ಅಮೆರಿಕದಲ್ಲಿ ಟಿಎಚ್‌ಸಿ ಆವಿ ಎಳೆದ ಬಹಳ ಮಂದಿಯ ಶ್ವಾಸಕೋಶ ಕೆಟ್ಟಿತು. ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ತಿಳಿಯಿತು. ಮುಂದಕ್ಕೆ ಹೋಗೋಣ.

ಗಮ್ಮಿಯ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ, ಗಮ್ಮಿಯದಲ್ಲ, ಭಂಗಿಯದು. ಇಪ್ಪತ್ತು ವರ್ಷದ ಹಿಂದೆ ಕಾಶಿಗೆ ಹೋಗಿದ್ದೆವು. ಅಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳಿವೆ. ಭಾವಮೈದ ಒಂದು ಲೋಟ ಠಂಡಾಯಿ ಕುಡಿಸಿದ. ಒಂದು ಗಂಟೆ ಕಳೆಯಿತು, ಏನೂ ಇಲ್ಲ. ಕೊಡಗಿನವನಿಗೆ ಇದೆಲ್ಲ ಎಲ್ಲಿ ನಾಟುತ್ತದೆ ಎಂದು ಇನ್ನೊಂದು ಲೋಟ ಕುಡಿದೆ. ಸಂಜೆ ಆರತಿ ನೋಡಲು ಹೊರಟವನು ಧರ್ಮಶಾಲೆಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ. ಮೆಟ್ಟಿಲು ಎಣಿಸಿದೆ, ಹದಿನಾಲ್ಕು. ಇನ್ನೊಮ್ಮೆ ಎಣಿಸಿದೆ, ಹನ್ನೊಂದು. ರಾತ್ರಿ ಎರಡರವರೆಗೂ ಲೆಕ್ಕ ತಾಳೆಯಾಗಲಿಲ್ಲ. ಹೆಂಡತಿ ಪಕ್ಕದಲ್ಲಿ ಕುಳಿತು ಕಿತ್ತಳೆ ಸುಲಿದು ಕೊಡುತ್ತಿದ್ದಳು, ಒಂದು ಮಾತನ್ನೂ ಆಡಲಿಲ್ಲ. ಇಂದಿಗೂ ನಾನು ಏನಾದರೂ ಜಂಬ ಕೊಚ್ಚಿದರೆ "ಹದಿನಾಲ್ಕೋ ಹನ್ನೊಂದೋ" ಎಂದು ಕೇಳುತ್ತಾಳೆ.

ಆಗಿದ್ದಿಷ್ಟು. ಹೊಟ್ಟೆಗೆ ಹೋದ ಟಿಎಚ್‌ಸಿ ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ದಾರಿಯಲ್ಲಿ ಯಕೃತ್ತು ಅದನ್ನು ಇನ್ನೂ ಗಟ್ಟಿಯಾದ ಬೇರೊಂದು ರೂಪಕ್ಕೆ ತಿರುಗಿಸುತ್ತದೆ. ಎರಡರಿಂದ ನಾಲ್ಕು ಗಂಟೆಗೆ ಏರುವ ಅಮಲು ಆರೆಂಟು ಗಂಟೆ ಇರುತ್ತದೆ, ಕೆಲವರಿಗೆ ಮರುದಿನದ ತಿಂಡಿಯ ಹೊತ್ತಿಗೂ ಇಳಿದಿರುವುದಿಲ್ಲ. ತುಪ್ಪ, ಹಾಲಿನ ಕೊಬ್ಬಿನ ಜೊತೆ ಹೆಚ್ಚು ಹೀರಿಕೆಯಾಗುತ್ತದೆ. ರಾತ್ರಿಯಿಡೀ ಇರುವ ನೋವಿಗೆ ಹೊಂದುವ ಗಡಿಯಾರ ಇದೇ, ಒಪ್ಪುತ್ತೇನೆ. ಆದರೆ ಹೆಚ್ಚಾದರೆ ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಅದಕ್ಕೇ ಕೆನಡಾದಲ್ಲಿ 2018ರಲ್ಲಿ ಗಾಂಜಾ ಕಾನೂನುಬದ್ಧವಾದರೂ, ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ ಟಿಎಚ್‌ಸಿ 10 ಮಿಲಿಗ್ರಾಂ ಮೀರಬಾರದು ಎಂದು ಮಿತಿ ಹಾಕಿದ್ದಾರೆ. ಹೊಸಬರಿಗೆ ಎರಡೂವರೆ ಮಿಲಿಗ್ರಾಂ ಸಾಕು ಎನ್ನುತ್ತಾರೆ. ನಿಮ್ಮ ಮಗಳು ಆ ಅಳತೆಯ ಲೋಕದಲ್ಲಿ ಕುಳಿತು ಸಲಹೆ ಕೊಡುತ್ತಿದ್ದಾಳೆ, ತಪ್ಪಿಲ್ಲ. ಆದರೆ ಆ ಪೊಟ್ಟಣವನ್ನು ಗಡಿ ದಾಟಿಸುವುದು ಕೆನಡಾದ ಕಾನೂನಿನಲ್ಲೂ ಅಪರಾಧ, ನಮ್ಮ ಕಾನೂನಿನಲ್ಲೂ ಅಪರಾಧ. ಅಪ್ಪನ ನೋವಿಗೆಂದು ತಂದೆ ಎಂದು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಹೇಳಿ ಪ್ರಯೋಜನವಿಲ್ಲ. ಇವತ್ತೇ ಫೋನ್ ಮಾಡಿ ಬೇಡವೆನ್ನಿ.

ನಾಲಿಗೆಯ ಕೆಳಗೆ ಬಿಡುವ ವಿಧಾನ ಇವೆರಡರ ನಡುವಿನದು. ಬಾಯಿಯ ಒಳಚರ್ಮದಿಂದ ಹೀರಿಕೆಯಾದ ಭಾಗ ಹದಿನೈದರಿಂದ ನಲವತ್ತೈದು ನಿಮಿಷದಲ್ಲಿ ಕೆಲಸ ಮಾಡುತ್ತದೆ. ಉಗುಳಿನ ಜೊತೆ ಗಂಟಲಿಗಿಳಿದ ಭಾಗ ನುಂಗಿದ ಹಾಗೇ ತಡವಾಗಿ ಬರುತ್ತದೆ. ಎರಡನೆಯ ಅಲೆ ಬರುತ್ತದೆಂದು ಗೊತ್ತಿಲ್ಲದವರು ನಡುವೆ ಇನ್ನೆರಡು ಹನಿ ಬಿಟ್ಟುಕೊಂಡು ಕೆಡುತ್ತಾರೆ. ಈ ದಾರಿಯ ಗುಣ ಅಳತೆ. ಬ್ರಿಟನ್ನಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಸ್ನಾಯುಬಿಗಿತಕ್ಕೆ 2010ರಲ್ಲಿ ಒಪ್ಪಿಗೆ ಪಡೆದ ಬಾಯಿಯ ಸ್ಪ್ರೇ ಇದೆ; ಒಂದು ಸಲ ಒತ್ತಿದರೆ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈ ಅಳತೆಗೆ ನೂರೆಪ್ಪತ್ತು ವರ್ಷ ಹಿಡಿಯಿತು. 1839ರಲ್ಲಿ ಕಲ್ಕತ್ತದಲ್ಲಿದ್ದ ವೈದ್ಯ ವಿಲಿಯಂ ಓಶಾಗ್ನೆಸಿ ಗಾಂಜಾದ ರಾಳವನ್ನು ಸಂಧಿವಾತ, ಧನುರ್ವಾಯುವಿನ ರೋಗಿಗಳಿಗೆ ಕೊಟ್ಟು ವರದಿ ಬರೆದ. ಯುರೋಪಿನ ಔಷಧದಂಗಡಿಗಳಿಗೂ ಅದರ ಟಿಂಕ್ಚರ್ ಹೋಯಿತು. ಆದರೆ ಒಂದು ಬಾಟಲಿಯಂತೆ ಇನ್ನೊಂದಿಲ್ಲ ಎಂಬ ತಕರಾರು ಕೊನೆಯವರೆಗೂ ತೀರಲಿಲ್ಲ. 1964ರಲ್ಲಿ ಇಸ್ರೇಲಿನ ಮೆಕುಲಂ ಮತ್ತು ಗಾವೊನಿ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆಯೇ ಯಾವುದನ್ನು ಅಳೆಯಬೇಕೆಂದು ತಿಳಿದದ್ದು. ನಿಮ್ಮ ರೈಟರ್‌ನ ನಾಲ್ಕು ದಮ್ಮು ಓಶಾಗ್ನೆಸಿಗಿಂತಲೂ ಹಿಂದಿನ ಕಾಲದ್ದು.

ಮೈಗೆ ಹಚ್ಚುವ ಎಣ್ಣೆ, ಮುಲಾಮುಗಳ ಬಗ್ಗೆ ಎರಡೇ ಮಾತು. ಅವುಗಳಿಂದ ಅಮಲೇರುವುದಿಲ್ಲ, ಚರ್ಮ ದಾಟಿ ಒಳಗೆ ಹೋಗುವುದೂ ಅಲ್ಪ. ಮಂಡಿಗೆ ಹಚ್ಚಿ ಸುಖ ಕಂಡವರು ಅದರಲ್ಲಿರುವ ಕರ್ಪೂರಕ್ಕೂ ತಿಕ್ಕಿದ ಕೈಗೂ ಅರ್ಧ ಶ್ರೇಯ ಕೊಡಬೇಕು.

ಉಳಿದದ್ದು ವಿಜಯಾ. ಆಯುರ್ವೇದದಲ್ಲಿ ಭಂಗಿಗೆ ಇರುವ ಹೆಸರು ಅದು. ಶುದ್ಧಿ ಮಾಡಿಯೇ ಬಳಸಬೇಕೆಂಬ ವಿಧಿ ಉಂಟು. 1940ರ ಔಷಧ ಕಾಯ್ದೆಯಡಿ ಮಾಡಿದ 1945ರ ನಿಯಮಗಳ ಇ(1) ಎಂಬ ಅನುಸೂಚಿಯಲ್ಲಿ ವತ್ಸನಾಭಿ, ದತ್ತೂರಿಗಳ ಸಾಲಿನಲ್ಲೇ ಭಂಗಾ ಇದೆ, ಅಂದರೆ ವಿಷದ್ರವ್ಯಗಳ ಪಟ್ಟಿಯಲ್ಲಿ. ಅಂಥ ಔಷಧದ ಮೇಲೆ 'ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ' ಎಂಬ ಎಚ್ಚರಿಕೆಯನ್ನು ಇಂಗ್ಲಿಷ್, ಹಿಂದಿ ಎರಡರಲ್ಲೂ ಮುದ್ರಿಸಬೇಕು. ನೀವು ಎಣಿಸಿದ ದಾರಿಗಳಲ್ಲಿ ಕಾನೂನಿನ ಬಾಗಿಲು ತೆರೆದಿರುವುದು ಇದೊಂದಕ್ಕೇ. ಮುಂದೆಂದಾದರೂ ಹೃದಯದ ಡಾಕ್ಟರು ಒಪ್ಪಿದರೆ, ಆಯುರ್ವೇದ ವೈದ್ಯರಲ್ಲಿ ಹೀಗೆ ಕೇಳಿ: ಒಂದು ಹನಿಯಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ? ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಎಲ್ಲಿದೆ? ಶುರುಮಾಡಿದ ಮೇಲೆ ಐಎನ್‌ಆರ್ ಪರೀಕ್ಷೆ ಯಾವ ದಿನ? ಮೂರರಲ್ಲಿ ಒಂದಕ್ಕೆ ಉತ್ತರ ಬಾರದಿದ್ದರೂ ನಮಸ್ಕಾರ ಹೇಳಿ ಎದ್ದುಬನ್ನಿ.

ಕಾನೂನಿನ ಮಾತು ಬಂತು. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಗಾಂಜಾ ಎಂದರೆ ಹೂವಿನ ತೆನೆ. ತೆನೆಯಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಭಂಗಿಯ ಪ್ರಕರಣವೊಂದರಲ್ಲಿ ಇದನ್ನೇ ಹೇಳಿತು. ಹಾಗೆಂದು ಅಂಗಡಿ ತೆರೆಯಲಾಗದು, ಅಬಕಾರಿ ಕಾನೂನು ಬೇರೆ ಇದೆ. ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ತೋಟದ ಮಾಲೀಕರಾದ ನಿಮಗೆ ಇನ್ನೂ ಒಂದು: ನಿಮ್ಮ ಜಮೀನಿನಲ್ಲಿ ಅಕ್ರಮವಾಗಿ ಬೆಳೆದದ್ದು ತಿಳಿದರೆ ಕೂಡಲೇ ಪೊಲೀಸರಿಗೋ ಅಧಿಕಾರಿಗೋ ತಿಳಿಸುವ ಹೊಣೆ ನಿಮ್ಮದೇ. ರೈಟರ್ ಬೀಡಿಯ ಸರಕನ್ನು ಎಲ್ಲಿಂದ ತರುತ್ತಾನೆ ಎಂದು ಕೇಳಿದ್ದೀರಾ? ಪಂಪ್‌ಹೌಸಿನ ಹಿಂಬದಿಗೆ ಒಮ್ಮೆ ನಡೆದುಹೋಗಿ ಬನ್ನಿ.

ಗಾಂಜಾದಿಂದ ನೋವು ತಗ್ಗುವುದು ನಿಜವೇ ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ ದೀರ್ಘಕಾಲದ ನೋವಿಗೆ ಪ್ರಯೋಜನವಿದೆ ಎಂದಿತು. 2021ರಲ್ಲಿ ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ, ಸಾಕ್ಷ್ಯ ಸಾಲದು, ನಾವು ಅನುಮೋದಿಸುವುದಿಲ್ಲ ಎಂದಿತು. ದೊಡ್ಡವರೇ ಹೀಗೆ ಎರಡು ಹೇಳುವಾಗ, ಒಮ್ಮತವಿರುವ ಮದ್ದುಗಳನ್ನು ಮೊದಲು ನೋಡುವುದು ಬುದ್ಧಿವಂತಿಕೆ. ಸರ್ಪಸುತ್ತಿನ ನಂತರದ ನರದ ನೋವಿಗೆ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಮಾತ್ರೆಗಳಿವೆ. ಅವೂ ತೂಕಡಿಕೆ ತರುತ್ತವೆ, ಮೆಟ್ಟಿಲಿನ ಭಯ ಅಲ್ಲಿಯೂ ಇದೆ. ನಿಮ್ಮಂಥವರಿಗೆ ನಾನು ಡಾಕ್ಟರಲ್ಲಿ ಮೊದಲು ಕೇಳುವುದು ಲಿಡೋಕೇನ್ ಪಟ್ಟಿಯನ್ನು. ನೋವಿರುವ ಚರ್ಮದ ಮೇಲೆ ಅಂಟಿಸುವುದು. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕ್ಯಾಪ್ಸೈಸಿನ್ ಕ್ರೀಮ್ ಕೂಡ ಇದೆ, ನಮ್ಮ ಗಾಂಧಾರಿ ಮೆಣಸಿನ ಖಾರ ಯಾವುದೋ ಅದೇ. ಹಿತ್ತಿಲಿನ ಮೆಣಸನ್ನೇ ಅರೆದು ಹಚ್ಚಿಕೊಂಡು ನನಗೆ ಇನ್ನೊಂದು ಪತ್ರ ಬರೆಯಬೇಡಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಚೂರ್ಣ, ಎಣ್ಣೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ.

ಕೊನೆಗೆ ಆ ಫೋಟೊ. ಭೂತಗನ್ನಡಿ ಹಿಡಿದು ನೋಡಿದೆ. ಮುಂಭಾಗದಲ್ಲಿ ಏಳು ಬೆರಳಿನ ಎಲೆ ದೊಡ್ಡದಾಗಿದೆ. ಹಿಂಭಾಗದಲ್ಲಿ, ಬಾರ್‌ಕೋಡಿನ ಪಕ್ಕ, ಇರುವೆ ಗಾತ್ರದ ಅಕ್ಷರದಲ್ಲಿ 'ಬೀಜದ ಎಣ್ಣೆ' ಎಂಬರ್ಥದ ಇಂಗ್ಲಿಷ್ ಪದ ಇದೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ಆಹಾರವೆಂದು ಒಪ್ಪಿದೆ. ಒಂದು ಕಿಲೋದಲ್ಲಿ ಟಿಎಚ್‌ಸಿ 5 ಮಿಲಿಗ್ರಾಂ ಮೀರುವಂತಿಲ್ಲ. ನೀವು ಎರಡು ವಾರ ನಾಲಿಗೆಯ ಕೆಳಗೆ ಇಟ್ಟುಕೊಂಡದ್ದು ಅಡುಗೆಮನೆಯ ಸಾಮಾನು. ಡಾಕ್ಟರಿಗೆ ತೋರಿಸಿದ ಮೇಲೆ ಉಳಿದದ್ದನ್ನು ಚಟ್ನಿಯ ಮೇಲೆ ಹಾಕಿಕೊಳ್ಳಿ. ಒಗ್ಗರಣೆಗೆ ಬೇಡ, ಹೆಚ್ಚು ಕಾದರೆ ಕಹಿಯಾಗುತ್ತದೆ.

— ಸಂಪಾದಕ