ಹಾಡು ನಾಡಿನದು, ಕ್ಯಾಸೆಟ್ ಯಾರದು?

ಪ್ರಶ್ನೆ: ನಾನು ಕೊಡಗಿನ ಪೊನ್ನಂಪೇಟೆ ಸಮೀಪದವನು; ಲ್ಯಾಪ್‌ಟಾಪಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಮನೆಯಲ್ಲಿದ್ದ, 1994ರಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್ಟಿನಿಂದ ಕೊಡವರ ಜನಪದ ಹಾಡಾದ ಬಾಳೋಪಾಟಿನ ಎರಡು ಸಾಲುಗಳನ್ನು ದುಡಿ ಎಂಬ ಪುಟ್ಟ ಚರ್ಮವಾದ್ಯದ ಬಡಿತದೊಂದಿಗೆ ಕತ್ತರಿಸಿ ನನ್ನ ಟ್ರ್ಯಾಕಿಗೆ ಸೇರಿಸಿದ್ದೇನೆ. ಹಣ ಕೊಟ್ಟು ಪಡೆದ ಸಾರಂಗಿಯ ಲೂಪ್ (ಮತ್ತೆ ಮತ್ತೆ ನುಡಿಸಬಹುದಾದ ತುಣುಕು) ಕೂಡ ಇದೆ. ಜನಪದ ಹಾಡಿಗೂ ಅನುಮತಿ ಬೇಕೆ? ಕೀಬೋರ್ಡಿನ ಜೊತೆ ಅದು ಶ್ರುತಿಗೂ ಲಯಕ್ಕೂ ಕೂಡದಿರುವುದೇಕೆ?

ಉತ್ತರ: ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಒಡೆಯರಿಲ್ಲ ಎಂಬ ತಮ್ಮ ತಿಳಿವಳಿಕೆ ಸರಿಯೇ, ಆದರೆ ತಾವು ಕತ್ತರಿಸಿರುವುದು ಹಾಡನ್ನಲ್ಲ, ಅದರ ಧ್ವನಿಮುದ್ರಣವನ್ನು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುವುದರಿಂದ, ತಮ್ಮ ಕ್ಯಾಸೆಟ್ಟಿನ ಹಕ್ಕು 2054ರ ಕೊನೆಯವರೆಗೂ ಜೀವಂತವಾಗಿರುತ್ತದೆ. ಹಾಡಿದವರಿಗೂ ಕಲಾವಿದರೆಂಬ ನೆಲೆಯಲ್ಲಿ 50 ವರ್ಷಗಳ ಪ್ರತ್ಯೇಕ ಹಕ್ಕಿದೆ. ಹಾಡಿದವರೆಂದು ಹೆಸರು ಹೇಳಬೇಕೆಂದು ಕೇಳುವ, ಹೆಸರಿಗೆ ಕುಂದು ತರುವಂತೆ ಹಾಡನ್ನು ತಿರುಚಿದರೆ ತಡೆಯುವ ಅಧಿಕಾರವನ್ನು 2012ರ ತಿದ್ದುಪಡಿ ಅವರಿಗೆ ಕೊಟ್ಟಿದೆ. ನಾಲ್ಕೈದು ಸೆಕೆಂಡಿನ ತುಣುಕಾದರೆ ತಪ್ಪಿಲ್ಲವೆಂಬ ಮಾತನ್ನು ಸ್ಟುಡಿಯೋಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ; ಕಾಯ್ದೆಯಲ್ಲಿ ಅಂಥ ಸೆಕೆಂಡುಗಳ ರಿಯಾಯಿತಿ ಎಲ್ಲೂ ಇಲ್ಲ. ಕ್ಯಾಸೆಟ್ ಕಂಪನಿ ಬಾಗಿಲು ಮುಚ್ಚಿದ್ದರೂ ಹಕ್ಕು ಬೇರೊಬ್ಬರ ಕೈಸೇರಿರಬಹುದು. ಆಕಾಶವಾಣಿಯ ಮುದ್ರಿಕೆಗಳನ್ನೂ ಹಾಗೆಯೇ, ಕೇಳದೆ ತೆಗೆಯುವಂತಿಲ್ಲ.

ಹಾಡಿನ ಪಠ್ಯದ ಮಾತು ಬೇರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಸಂಕಲನ ‘ಪಟ್ಟೋಲೆ ಪಳಮೆ’ಯಲ್ಲಿರುವ ಹಾಡುಗಳನ್ನು, ಸಂಗ್ರಾಹಕರು 1931ರಲ್ಲಿ ತೀರಿಕೊಂಡು 60 ವರ್ಷಗಳು ಎಂದೋ ಕಳೆದಿರುವುದರಿಂದ, ತಾವು ಯಾರ ಅಪ್ಪಣೆಯೂ ಇಲ್ಲದೆ ಹೊಸದಾಗಿ ಹಾಡಿಸಿಕೊಳ್ಳಬಹುದು. ನನ್ನ ಸಲಹೆಯೂ ಇದೇ: ಕ್ಯಾಸೆಟ್ಟನ್ನು ಬದಿಗಿಟ್ಟು, ಊರಿನಲ್ಲಿ ಹಾಡುವ ನಾಲ್ವರನ್ನು ಕೂರಿಸಿ ಮುದ್ರಿಸಿಕೊಳ್ಳಿ. ಅದರಿಂದ ತಮ್ಮ ಎರಡನೆಯ ಪ್ರಶ್ನೆಯ ಅರ್ಧ ಭಾಗವೂ ಬಗೆಹರಿಯುತ್ತದೆ.

ಏಕೆಂದರೆ ಹಳೆಯ ಟೇಪಿನ ವೇಗ ನಂಬುವಂಥದ್ದಲ್ಲ. ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಕೀಬೋರ್ಡಿನ ಒಂದು ಮನೆಯಷ್ಟು ಏರುತ್ತದೆ. ಶೇಕಡಾ 3ರಷ್ಟು ಹೆಚ್ಚಾದರೆ ಎರಡು ಮನೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ತಮಗೆ ಕಿರಿಕಿರಿಯಾಗುತ್ತಿರುವುದು ಬಹುಶಃ ಅಲ್ಲಿಯೇ. ಟೇಪು ಸರಿಯಿದ್ದರೂ ಬಾಳೋಪಾಟಿನವರು ಕೀಬೋರ್ಡನ್ನು ಮುಂದಿಟ್ಟುಕೊಂಡು ಶ್ರುತಿ ಹಿಡಿಯುವವರಲ್ಲ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತ ಹೋದಂತೆ ದನಿ ಕೊಂಚ ಏರುವುದೂ, ನಡೆ ಬಿರುಸಾಗುವುದೂ ಉಂಟು. ಇದನ್ನು ದೋಷವೆಂದು ಬಗೆದು ಪ್ರತಿ ಸ್ವರವನ್ನೂ ಶ್ರುತಿ ತಿದ್ದುವ ಆಟೋಟ್ಯೂನಿಗೆ ಒಪ್ಪಿಸಿದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತವೆಲ್ಲ ಮೆಟ್ಟಿಲಾಗಿ, ಹಾಡಿದವರು ಮನುಷ್ಯರೇ ಎಂಬ ಅನುಮಾನ ಬರುತ್ತದೆ. ದನಿಯನ್ನು ಮುಟ್ಟಬೇಡಿ, ಕೀಬೋರ್ಡಿನ ಸಿಂಥಸೈಸರನ್ನು ಬಗ್ಗಿಸಿ: ಅದರ ಸೂಕ್ಷ್ಮ ಶ್ರುತಿಯನ್ನು, ಒಂದು ಮನೆಯ ನೂರನೆಯ ಒಂದು ಭಾಗವಾದ ಸೆಂಟ್‌ಗಳ ಲೆಕ್ಕದಲ್ಲಿ ಸರಿಸಿ ಹಾಡಿನ ಆಧಾರ ಸ್ವರಕ್ಕೆ ಕೂಡಿಸಿ. ಹಾಗೆಯೇ ದುಡಿಯ ಬಡಿತಗಳನ್ನು ಎಳೆದು ಗೆರೆಗೆ ತಂದು ನಿಲ್ಲಿಸುವ ಬದಲು, ಬಡಿತಗಳನ್ನು ಗುರುತಿಸಿ ಸಾಫ್ಟ್‌ವೇರಿನ ಗೆರೆಗಳೇ ಅವುಗಳ ಹಿಂದೆ ಬರುವಂತೆ ಟೆಂಪೋ ನಕ್ಷೆ ಮಾಡಿಕೊಳ್ಳಿ.

ದುಡಿಯನ್ನು ಬಿಡಿಬಿಡಿಯಾಗಿಯೂ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹುರಿಯ ಬಿಗಿತ ಬದಲಾದಂತೆ ಅದರ ನಾದ ಜಾರುವುದರಿಂದ, ಒಂದೇ ಬಡಿತವನ್ನು ನೂರು ಸಲ ಅಂಟಿಸಿದರೆ ಕಿವಿಗೆ ತಗಡು ಬಡಿದಂತಾಗುತ್ತದೆ. ಮೆಲ್ಲಗೆ, ಜೋರಾಗಿ, ಬಿಗಿಯಾಗಿ, ಸಡಿಲವಾಗಿ ಬಾರಿಸಿದ ಹತ್ತಿಪ್ಪತ್ತು ಬಡಿತಗಳಾದರೂ ಇರಲಿ. ಮುಂಗಾರಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ, ಹೆಂಚಿನ ಮೇಲಿನ ಮಳೆಯ ಸದ್ದನ್ನು ಯಾವ ಫಿಲ್ಟರೂ ಅಳಿಸಲಾರದು.

ಸಾರಂಗಿಯ ಲೂಪಿನಲ್ಲಿ ತಾವು ಕೊಂಡಿರುವುದು ಬಳಸುವ ಪರವಾನಗಿಯನ್ನೇ ಹೊರತು ಒಡೆತನವನ್ನಲ್ಲ. ಅದೇ ಲೂಪನ್ನು ಕೊಂಡ ಇನ್ನೊಬ್ಬರು ಅದನ್ನು ಬಳಸಿದ ಅವರ ಹಾಡನ್ನು ಮೊದಲೇ ನೋಂದಾಯಿಸಿದ್ದರೆ ಯೂಟ್ಯೂಬ್ ತಮಗೆ ಹಕ್ಕಿನ ನೋಟಿಸು ಕಳಿಸಬಹುದು. ರಸೀದಿಯನ್ನೂ ಪರವಾನಗಿಯ ಪ್ರತಿಯನ್ನೂ ಕಾಪಾಡಿಕೊಳ್ಳಿ.

ಕಾಯ್ದೆ ಕೇಳದ ಆದರೆ ನಾನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ತಾವು ಆರಿಸಿದ ಎರಡು ಸಾಲುಗಳು ಯಾವ ಸಂದರ್ಭದವು? ದುಡಿ ಹುತ್ತರಿಗೂ ಮದುವೆಗೂ ನುಡಿಯುತ್ತದೆ, ಸಾವಿನ ಮನೆಯಲ್ಲೂ ನುಡಿಯುತ್ತದೆ. ಸಾವಿನ ಹಾಡಾದ ಚಾವುಪಾಟಿನ ಸಾಲೊಂದು ಮದುವೆಯ ವಿಡಿಯೋದ ಕುಣಿತಕ್ಕೆ ಹಿನ್ನೆಲೆಯಾದರೆ ಕೊಡವ ತಕ್ಕ್ (ಕೊಡವ ನುಡಿ) ಅರಿತವರು ಕ್ಷಮಿಸಲಾರರು. ಮುದ್ರಿಸುವ ಮುನ್ನ ಹಾಡುವ ಹಿರಿಯರಿಂದಲೇ ಅರ್ಥವನ್ನು ತಿಳಿದುಕೊಂಡು, ಅವರ ಸಂಭಾವನೆ ಎಷ್ಟು, ಟ್ರ್ಯಾಕಿನ ಗಳಿಕೆಯಲ್ಲಿ ಪಾಲು ಎಷ್ಟು, ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರ ಸಹಿ ಪಡೆದುಕೊಳ್ಳಿ.